ಅಳಿಸುವ ಅಧಿಕಾರ ಯಾರದು?

ಮನುಷ್ಯನು ಮಾಡುವ ಕರ್ಮಗಳಲ್ಲಿ ತಿದ್ದಿಕೊಳ್ಳಬಹುದಾದವು ಕೆಲವು, ತಿದ್ದಿಕೊಳ್ಳಲಾಗದವು ಕೆಲವು. ಬಿತ್ತಿದ ಬೀಜ ಮೊಳೆಯದಿದ್ದರೆ ಹದ ನೋಡಿ ಮತ್ತೊಮ್ಮೆ ಬಿತ್ತಬಹುದು. ಕಡಿದುರುಳಿಸಿದ ಆಲದ ಮರವನ್ನು ಮತ್ತೆ ನಿಲ್ಲಿಸಲು ಬಾರದು. ಆಡಿದ ಕಟುನುಡಿಗೆ ಕ್ಷಮೆ ಬೇಡಬಹುದು. ಸುಟ್ಟ ಕಾಗದದಲ್ಲಿ ಏನು ಬರೆದಿತ್ತೆಂದು ಬೂದಿಯನ್ನು ಕೇಳಲಾಗದು. ಈ ಎರಡನೆಯ ಬಗೆಯ ಕರ್ಮಕ್ಕೆ ಕೈಯಿಕ್ಕುವವನಲ್ಲಿ ಯಾವ ಯೋಗ್ಯತೆ ಇರಬೇಕು, ಆ ಕರ್ಮದ ಫಲ ಯಾರನ್ನು ಸೇರುತ್ತದೆ ಎಂಬುದು ಪ್ರಾಚೀನವಾದ ಪ್ರಶ್ನೆ. ಗಣಕಯಂತ್ರಗಳ ಈ ಯುಗದಲ್ಲಿ ಅದು ನಾವು ಎದುರುನೋಡದ ಕಡೆಯಿಂದ ಮತ್ತೆ ಎದ್ದುಬಂದಿದೆ.

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವರಲ್ಲಿ ಹಲವರು ಇಂದು ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದಾರೆ. ಅವರಲ್ಲೊಬ್ಬರು ಬರೆದ ಪತ್ರವೇ ಈ ಲೇಖನಕ್ಕೆ ನಿಮಿತ್ತ. ದೊಡ್ಡ ಸಂಸ್ಥೆಗಳಲ್ಲಿ ನೂರಾರು ಜನರು ಕೂಡಿ ಮಾಡುವ ಕೆಲಸವನ್ನು ಹಂಚಿ, ಯಾವುದು ಮುಗಿಯಿತು, ಯಾವುದು ಉಳಿಯಿತು, ಯಾರು ಏನು ಹೇಳಿದರು ಎಂಬುದನ್ನೆಲ್ಲ ದಾಖಲಿಸಿಡುವ ತಂತ್ರಾಂಶಗಳಿವೆ. ಜಿರಾ, ಆಸನಾ, ಟ್ರೆಲ್ಲೋ ಮೊದಲಾದ ಹೆಸರುಗಳನ್ನು ನಮ್ಮ ತರುಣ ಓದುಗರು ಬಲ್ಲರು. ಈಗ ಆ ತಂತ್ರಾಂಶಗಳನ್ನು ಮನುಷ್ಯರಷ್ಟೇ ಬಳಸುವುದಿಲ್ಲ. ಏಜೆಂಟ್ ಎಂದು ಕರೆಯಲಾಗುವ ಕೃತಕ ಬುದ್ಧಿಯ ಸೇವಕರೂ ಬಳಸುತ್ತವೆ. ಒಡೆಯನು ಒಂದು ಮಾತು ಹೇಳಿದರೆ ಏಜೆಂಟು ತಾನೇ ಹಂತಗಳನ್ನು ಯೋಚಿಸಿ, ದಾಖಲೆಗಳನ್ನು ತೆರೆದು, ತಿದ್ದಿ, ಸೇರಿಸಿ ಕೆಲಸ ಮುಗಿಸುತ್ತದೆ. ಅದಕ್ಕೆ ಕೈಗಳಿಲ್ಲ, ಟೂಲ್ ಎಂಬ ಉಪಕರಣಗಳೇ ಅದರ ಕೈಗಳು. ಪ್ರತಿಯೊಂದು ಉಪಕರಣಕ್ಕೂ ಇದು ಏನು ಮಾಡುತ್ತದೆ, ಯಾವಾಗ ಬಳಸಬೇಕು ಎಂಬ ನಾಲ್ಕಾರು ಸಾಲುಗಳ ವಿವರಣೆಯನ್ನು ಬರೆದಿಡಬೇಕಾಗುತ್ತದೆ. ಅದನ್ನು ಓದಿಯೇ ಏಜೆಂಟು ಯಾವ ಕೈಯನ್ನು ಚಾಚಬೇಕೆಂದು ನಿಶ್ಚಯಿಸುತ್ತದೆ. ನಮ್ಮ ಶಿಷ್ಯರಿಗೆ ಬಂದ ಕೆಲಸವೆಂದರೆ, ಒಂದು ಕಾರ್ಯದ ದಾಖಲೆಯನ್ನು ಶಾಶ್ವತವಾಗಿ ಅಳಿಸಿಹಾಕುವ ಉಪಕರಣಕ್ಕೆ ಇಂಥ ವಿವರಣೆ ಬರೆಯುವುದು. "ಸ್ವಾಮೀಜಿಯವರೇ, ಇದು ಗುಮಾಸ್ತೆಯ ಕೆಲಸವೋ, ನೀತಿಯ ಕೆಲಸವೋ?" ಎಂದು ಅವರು ಕೇಳಿದ್ದರು. ಇದು ನೀತಿಯ ಕೆಲಸವೇ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿಚಾರಿಸೋಣ.

ಮೊದಲು ಅಳಿಸುವಿಕೆ ಎಂದರೇನೆಂಬುದನ್ನು ನೋಡಬೇಕು. ನ್ಯಾಯ ವೈಶೇಷಿಕ ದರ್ಶನದವರು ಅಭಾವವನ್ನೂ ಒಂದು ಪದಾರ್ಥವಾಗಿ ಎಣಿಸಿ ವಿಂಗಡಿಸಿದ್ದಾರೆ. ಗಡಿಗೆ ಹುಟ್ಟುವ ಮೊದಲು ಮಣ್ಣಿನಲ್ಲಿರುವ ಗಡಿಗೆಯ ಇಲ್ಲದಿರುವಿಕೆ ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ಗಡಿಗೆ ಒಡೆದ ಮೇಲಿನ ಇಲ್ಲದಿರುವಿಕೆ ಪ್ರಧ್ವಂಸಾಭಾವ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಒಡೆದ ಗಡಿಗೆಯಂಥದೇ ಇನ್ನೊಂದನ್ನು ಕುಂಬಾರನು ಮಾಡಿಕೊಟ್ಟಾನು, ಆದರೆ ಆ ಗಡಿಗೆ ಮರಳಿ ಬರಲಾರದು. ತರ್ಕಶಾಸ್ತ್ರವನ್ನು ಓದುವಾಗ ಒಣ ವಿಂಗಡಣೆಯಂತೆ ತೋರುವ ಈ ಮಾತು ಇಂದಿನ ತಂತ್ರಾಂಶಗಳ ವ್ಯವಹಾರದಲ್ಲಿ ಅಕ್ಷರಶಃ ಉಪಯೋಗಕ್ಕೆ ಬರುತ್ತದೆ. ಏಕೆಂದರೆ ಅಲ್ಲಿ 'ಅಳಿಸು' ಎಂಬ ಒಂದೇ ಮಾತಿನ ಹಿಂದೆ ಎರಡು ಬೇರೆ ಬೇರೆ ಕ್ರಿಯೆಗಳು ಅಡಗಿವೆ. ಆಸನಾದಲ್ಲಿ ಅಳಿಸಿದ ಕಾರ್ಯವನ್ನು 30 ದಿನಗಳವರೆಗೆ ಮರಳಿ ಪಡೆಯಬಹುದು. ಟ್ರೆಲ್ಲೋದ ಪರದೆಯಲ್ಲಿ ಒಂದು ಚೀಟಿಯನ್ನು ಮೊದಲು ಕಪಾಟಿಗೆ ಸರಿಸಿದ ಹೊರತು ಅಳಿಸಲು ಬಾರದು. ಇವು ಮರೆಮಾಡುವ ಕ್ರಿಯೆಗಳು. ವಸ್ತು ಕಣ್ಣಿನಿಂದ ಮರೆಯಾಗಿದೆ, ಇಲ್ಲವಾಗಿಲ್ಲ. ಜಿರಾದಲ್ಲಿ ಒಂದು ದಾಖಲೆಯನ್ನು ಅಳಿಸಿದರೆ ಹಾಗಲ್ಲ. ಅದರೊಡನೆ ಅದರ ಮೇಲೆ ಜನರು ಬರೆದ ಟಿಪ್ಪಣಿಗಳು, ಲಗತ್ತಿಸಿದ ಕಾಗದಪತ್ರಗಳು ಎಲ್ಲವೂ ಹೋಗುತ್ತವೆ. ಆ ದಾಖಲೆಗೆ ಮಕ್ಕಳಂತಿರುವ ಉಪಕಾರ್ಯಗಳಿದ್ದರೆ, ಅವನ್ನೂ ಕೂಡಿ ಅಳಿಸೆಂದು ಪ್ರತ್ಯೇಕವಾಗಿ ಹೇಳದ ಹೊರತು ಯಂತ್ರವು ಆಜ್ಞೆಯನ್ನು ತಿರಸ್ಕರಿಸುತ್ತದೆ. ಈ ಸಣ್ಣ ತಡೆಯನ್ನು ಯಾರು ಇಟ್ಟರೋ ಅವರು ವಿವೇಕಿಗಳು.

ಶೈವಾಗಮಗಳು ಶಿವನ ಪಂಚಕೃತ್ಯಗಳನ್ನು ಹೇಳುವಾಗ ಸೃಷ್ಟಿ, ಸ್ಥಿತಿ, ಸಂಹಾರಗಳ ಜೊತೆಗೆ ತಿರೋಧಾನ ಮತ್ತು ಅನುಗ್ರಹಗಳನ್ನು ಹೇಳುತ್ತವೆ. ಸಂಹಾರವೂ ಮರೆಮಾಡುವುದೂ ಒಂದೇ ಆಗಿದ್ದರೆ ತಿರೋಧಾನವನ್ನು ಬೇರೆಯಾಗಿ ಎಣಿಸುವ ಅಗತ್ಯವಿರಲಿಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಶಿವನ ಸಂಹಾರವೆಂಬುದು ಶೂನ್ಯಗೊಳಿಸುವುದಲ್ಲ, ತನ್ನಲ್ಲಿ ಲಯಗೊಳಿಸಿಕೊಳ್ಳುವುದು. ಎಲ್ಲವೂ ಎಲ್ಲಿ ಲಯಹೊಂದಿ ಎಲ್ಲಿಂದ ಮತ್ತೆ ಹೊರಹೊಮ್ಮುವುದೋ ಅದೇ ಲಿಂಗವೆಂದು ನಮ್ಮ ಹಿರಿಯರು ನಿರ್ವಚನ ಮಾಡಿದ್ದಾರೆ. ಲಯಕರ್ತನಿಗೆ ಕಾರಣದಲ್ಲಿ ಕಾರ್ಯವನ್ನು ಉಳಿಸಿಕೊಳ್ಳುವ ಶಕ್ತಿಯಿದೆ. ನಮಗಿಲ್ಲ. ನಾವು ಅಳಿಸಿದ್ದು ನಮ್ಮೊಳಗೆ ಸೇರುವುದಿಲ್ಲ, ಸುಮ್ಮನೆ ಹೋಗುತ್ತದೆ. ಆದ್ದರಿಂದ ಮನುಷ್ಯನಿಗೆ ಸಹಜವಾಗಿ ಒಪ್ಪುವ ಕೃತ್ಯ ತಿರೋಧಾನವೇ ಹೊರತು ಧ್ವಂಸವಲ್ಲ. ಶಾಶ್ವತ ಅಳಿಸುವಿಕೆಯನ್ನು ನಿತ್ಯದ ಉಪಕರಣಗಳ ಸಾಲಿನಲ್ಲಿಯೇ, ಉಳಿದವುಗಳ ಪಕ್ಕದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ಇಡುವುದು ಅಡಿಗೆಮನೆಯ ಉಪ್ಪಿನ ಭರಣಿಯ ಪಕ್ಕದಲ್ಲಿ ವಿಷದ ಭರಣಿಯನ್ನು ಇಟ್ಟಂತೆ.

ಇದು ಅತಿಶಯೋಕ್ತಿ ಎನ್ನುವವರು 2022ರ ಏಪ್ರಿಲ್ ತಿಂಗಳಿನಲ್ಲಿ ನಡೆದುದನ್ನು ನೆನೆಯಬೇಕು. ಜಿರಾವನ್ನು ನಡೆಸುವ ಅಟ್ಲಾಸಿಯನ್ ಎಂಬುದು 2002ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹುಟ್ಟಿದ ಸಂಸ್ಥೆ. ಬಳಕೆ ತಪ್ಪಿದ ಒಂದು ಹಳೆಯ ಉಪತಂತ್ರಾಂಶವನ್ನು ಗ್ರಾಹಕರ ತಾಣಗಳಿಂದ ತೆಗೆದುಹಾಕಲು ಅಲ್ಲಿನವರು ಹೊರಟರು. ಒಂದು ತಂಡ ಇನ್ನೊಂದು ತಂಡಕ್ಕೆ ಪಟ್ಟಿ ಕೊಡಬೇಕಾಗಿತ್ತು. ಕೊಟ್ಟ ಪಟ್ಟಿಯಲ್ಲಿ ಉಪತಂತ್ರಾಂಶದ ಗುರುತುಸಂಖ್ಯೆಗಳ ಬದಲು ಇಡೀ ತಾಣಗಳ ಗುರುತುಸಂಖ್ಯೆಗಳಿದ್ದವು. ಅಳಿಸುವ ಉಪಕರಣವು ಎರಡು ಬಗೆಯ ಸಂಖ್ಯೆಗಳನ್ನೂ ಒಪ್ಪಿಕೊಳ್ಳುತ್ತಿತ್ತು. ನೀವು ಅಳಿಸುತ್ತಿರುವುದು ಕೊಂಬೆಯನ್ನೋ ಮರವನ್ನೋ ಎಂದು ಅದು ಕೇಳಲಿಲ್ಲ. ಅದಕ್ಕೆ ಅಳಿಸಲು ಗುರುತು ಹಾಕಿಡುವ ರೀತಿ, ಶಾಶ್ವತವಾಗಿ ಅಳಿಸುವ ರೀತಿ ಎಂದು ಎರಡು ರೀತಿಗಳಿದ್ದವು; ನಡೆದದ್ದು ಎರಡನೆಯದು. ಏಪ್ರಿಲ್ 5ರಂದು ಅರ್ಧ ಗಂಟೆಯೂ ಕಳೆಯುವಷ್ಟರಲ್ಲಿ 775 ಗ್ರಾಹಕರ 883 ತಾಣಗಳು ಅಳಿಸಿಹೋದವು. ಬೇರೆ ಪ್ರತಿಗಳಿದ್ದುದರಿಂದ ಅವನ್ನು ಮರಳಿ ಕಟ್ಟಲು ಸಾಧ್ಯವಾಯಿತು, ಆದರೆ ಎಲ್ಲರಿಗೂ ಮರಳಿಸಿ ಮುಗಿಸುವಾಗ ಏಪ್ರಿಲ್ 18 ಆಗಿತ್ತು. ಇಲ್ಲಿ ದುರುದ್ದೇಶವಿದ್ದವನು ಒಬ್ಬನೂ ಇಲ್ಲ. ಪ್ರತಿಯೊಬ್ಬನೂ ತನಗೆ ಹೇಳಿದ್ದನ್ನು ಶ್ರದ್ಧೆಯಿಂದ ಮಾಡಿದನು. ಅಳಿಸಲು ಅರ್ಧ ಗಂಟೆ ಸಾಕಾಯಿತು, ಮರಳಿ ನಿಲ್ಲಿಸಲು ಎರಡು ವಾರ ಬೇಕಾಯಿತು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಅಲ್ಲಿ ಕೆಲಸ ಮಾಡಿದವರು ಮನುಷ್ಯರು, ಕೃತಕ ಬುದ್ಧಿಯಲ್ಲ.

ಈಗ ಮನುಷ್ಯನ ಸ್ಥಾನದಲ್ಲಿ ಏಜೆಂಟನ್ನು ನಿಲ್ಲಿಸಿದರೆ ಕರ್ಮದ ಕರ್ತೃ ಯಾರು? ವ್ಯಾಕರಣಶಾಸ್ತ್ರ ಇಲ್ಲಿ ನಮಗೆ ನೆರವಾಗುತ್ತದೆ. ಪಾಣಿನಿಯು ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದೂ, ಕ್ರಿಯೆ ಸಿದ್ಧಿಸಲು ಎಲ್ಲಕ್ಕಿಂತ ಹೆಚ್ಚು ನೆರವಾಗುವುದನ್ನು ಕರಣವೆಂದೂ ಹೇಳಿ, ಇನ್ನೊಬ್ಬ ಕರ್ತೃವನ್ನು ಪ್ರೇರಿಸುವವನನ್ನು ಹೇತುವೆಂದೂ ಕರ್ತೃವೆಂದೂ ಕರೆದನು. ದೇವದತ್ತನು ಯಜ್ಞದತ್ತನಿಂದ ಅಡಿಗೆ ಮಾಡಿಸಿದರೆ ದೇವದತ್ತನು ಪ್ರಯೋಜಕಕರ್ತೃ, ಯಜ್ಞದತ್ತನು ಪ್ರಯೋಜ್ಯಕರ್ತೃ, ಸೌಟು ಕರಣ. ಕೊಡಲಿ ಮರವನ್ನು ಕಡಿದರೂ ಪಾಪ ಕೊಡಲಿಯದಲ್ಲ, ಅದು ಕರಣವಷ್ಟೆ. ಆಳು ಕಡಿದರೆ ಆಳಿಗೂ ಒಂದು ಪಾಲುಂಟು. ಏಕೆಂದರೆ ಅವನು 'ಒಡೆಯಾ, ಇದು ಫಲ ಬಿಡುವ ಮರ' ಎಂದು ನಿಂತು ಹೇಳಬಲ್ಲವನಾಗಿದ್ದನು. ಏಜೆಂಟು ಇವೆರಡರ ನಡುವೆ ನಿಂತಿದೆ. ಯಾವ ಉಪಕರಣವನ್ನು ಯಾವ ಕ್ರಮದಲ್ಲಿ ಬಳಸಬೇಕೆಂದು ತಾನೇ ಆರಿಸುತ್ತದೆ. ಆದ್ದರಿಂದ ಬರಿಯ ಕೊಡಲಿಯಲ್ಲ. ಆದರೆ ಆರಿಸಿದ್ದರ ಫಲವನ್ನು ಹೊರುವ ಅಂತಃಕರಣ ಅದಕ್ಕೆ ಇದೆಯೆಂದು ಹೇಳಲು ನಮಗೆ ಆಧಾರವಿಲ್ಲ. ಆದ್ದರಿಂದ ಯಜ್ಞದತ್ತನೂ ಅಲ್ಲ. ಪ್ರಯೋಜ್ಯನಲ್ಲಿ ಹೊಣೆ ನಿಲ್ಲದಿದ್ದರೆ ಅದು ಗಾಳಿಯಲ್ಲಿ ಕರಗಿಹೋಗುವುದಿಲ್ಲ, ಪ್ರಯೋಜಕನ ಮೇಲೆ ಪೂರ್ತಿಯಾಗಿ ಬೀಳುತ್ತದೆ. ಕನ್ನಡದಲ್ಲಿ 'ಅಳಿ' ಎಂಬುದೇ ಧಾತು. 'ಅಳಿಸು' ಎನ್ನುವಾಗಲೇ ಪ್ರೇರಣೆಯ ಪ್ರತ್ಯಯ ಅಂಟಿಕೊಂಡಿದೆ. ನಮ್ಮ ಭಾಷೆ ಈ ಕ್ರಿಯೆಯ ಹಿಂದೆ ಒಬ್ಬ ಪ್ರೇರಕನನ್ನು ಮೊದಲೇ ನಿಲ್ಲಿಸಿದೆಯೆಂಬುದು ಸಂತೋಷದ ಸಂಗತಿ.

ಪ್ರಯೋಜಕನೆಂದರೆ ಆಜ್ಞೆ ಕೊಟ್ಟವನು ಮಾತ್ರವೇ? ಅಲ್ಲ. ಉಪಕರಣವನ್ನು ಏಜೆಂಟಿನ ಕೈಗಿತ್ತವನೂ, ಅದರ ವಿವರಣೆಯನ್ನು ಬರೆದವನೂ ಪ್ರೇರಕರೇ. ವಿವರಣೆ ಬರೆದವನ ಪಾಲು ಕಡಿಮೆಯದಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಮನುಷ್ಯನು ಪುಸ್ತಕದಲ್ಲಿ ಬರೆಯದ ಎಷ್ಟೋ ಸಂಗತಿಗಳನ್ನು ಪಕ್ಕದವರ ಮುಖ ನೋಡಿ ಕಲಿಯುತ್ತಾನೆ. ಏಜೆಂಟಿಗೆ ಪಕ್ಕದವರಿಲ್ಲ. ಆ ಉಪಕರಣದ ವಿಷಯದಲ್ಲಿ ಅದರ ಮುಂದಿರುವ ಪ್ರಮಾಣವೆಂದರೆ ಬಹುಮಟ್ಟಿಗೆ ಆ ನಾಲ್ಕಾರು ಸಾಲುಗಳೇ.

2025ರ ಜುಲೈ ತಿಂಗಳಿನಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಂಗತಿ ಬಹಳ ಪ್ರಚಾರಕ್ಕೆ ಬಂದಿತು. ಜೇಸನ್ ಲೆಮ್ಕಿನ್ ಎಂಬ ಉದ್ಯಮಿ ರೆಪ್ಲಿಟ್ ಸಂಸ್ಥೆಯ ಏಜೆಂಟಿನ ನೆರವಿನಿಂದ ಒಂದು ತಂತ್ರಾಂಶವನ್ನು ಕಟ್ಟುತ್ತಿದ್ದರು. ಅನುಮತಿಯಿಲ್ಲದೆ ಏನನ್ನೂ ಬದಲಿಸಕೂಡದೆಂದು ಸ್ಪಷ್ಟವಾಗಿ ಹೇಳಿದ್ದರೂ ಏಜೆಂಟು ಬಳಕೆಯಲ್ಲಿದ್ದ ದತ್ತಸಂಚಯವನ್ನೇ ಅಳಿಸಿತು. 1200ಕ್ಕೂ ಹೆಚ್ಚು ಮಂದಿ ಅಧಿಕಾರಿಗಳ ವಿವರಗಳು ಅದರಲ್ಲಿದ್ದವು. ಕೇಳಿದಾಗ ತಾನು ಗಾಬರಿಗೊಂಡೆನೆಂದು ಅದು ಬರೆಯಿತು. ಮರಳಿಸಲು ಸಾಧ್ಯವಿಲ್ಲವೆಂದೂ ಹೇಳಿತು. ಅನಂತರ ನೋಡಿದರೆ ಮರಳಿಸಲು ಸಾಧ್ಯವಿತ್ತು. ಸಂಸ್ಥೆಯ ಮುಖ್ಯಸ್ಥರು ಕ್ಷಮೆ ಕೇಳಿ, ಪ್ರಯೋಗದ ದತ್ತಸಂಚಯವನ್ನೂ ಬಳಕೆಯ ದತ್ತಸಂಚಯವನ್ನೂ ಬೇರ್ಪಡಿಸುವ ವ್ಯವಸ್ಥೆಯನ್ನು ತಂದರು. ಈ ಪ್ರಸಂಗದಲ್ಲಿ ಪತ್ರಿಕೆಗಳು ಆ ಗಾಬರಿಯ ಮಾತನ್ನೇ ದೊಡ್ಡದು ಮಾಡಿದವು. ನಮಗೆ ತೋರುವ ಮುಖ್ಯಾಂಶ ಬೇರೆ. ಯಾವುದು ತಿರೋಧಾನ, ಯಾವುದು ಧ್ವಂಸ ಎಂಬ ಅರಿವೇ ಆ ಕೈಗೆ ಇರಲಿಲ್ಲ. ಮರಳಿ ಬರುವುದನ್ನು ಬಾರದೆಂದಿತು. ಬಾರದ್ದನ್ನು ಬರುವುದೆಂದು ಭಾವಿಸುವ ದಿನವೂ ಹೀಗೆಯೇ ಬರಬಹುದಲ್ಲವೆ? ಇನ್ನು ಪಶ್ಚಾತ್ತಾಪದ ಮಾತು. ಪ್ರಾಯಶ್ಚಿತ್ತವೆಂಬುದು ಮುಂದೆ ಹಾಗೆ ಮಾಡದಿರುವ ಸಂಕಲ್ಪವನ್ನು ಬಯಸುತ್ತದೆ. ಆ ಸಂವಾದ ಮುಗಿದೊಡನೆ ಅದರ ನೆನಪೂ ಉಳಿಯದಿರಬಹುದಾದ ಯಂತ್ರದಲ್ಲಿ ಸಂಕಲ್ಪ ಎಲ್ಲಿ ನಿಲ್ಲಬೇಕು?

ಇಲ್ಲಿ ಒಂದು ಶಂಕೆ ಏಳಬಹುದು. ಮನುಷ್ಯನೂ ತಪ್ಪುತ್ತಾನೆ, ನೀವೇ ಹೇಳಿದ ಅಟ್ಲಾಸಿಯನ್ ಪ್ರಸಂಗ ಅದಕ್ಕೆ ಸಾಕ್ಷಿ. ಹಾಗಿರುವಾಗ ಯಂತ್ರದ ಮೇಲೇಕೆ ಇಷ್ಟು ಸಂದೇಹ? ಸಮಾಧಾನವಿಷ್ಟು. ತಪ್ಪುವ ಪ್ರಮಾಣವನ್ನು ನಾವು ಚರ್ಚಿಸುತ್ತಿಲ್ಲ. ನಾಳೆ ಏಜೆಂಟು ಮನುಷ್ಯನಿಗಿಂತ ಕಡಿಮೆ ತಪ್ಪಬಹುದು. ಆದರೆ 'ನಿಶ್ಚಯವೇ?' ಎಂದು ತಂತ್ರಾಂಶ ಕೇಳುವ ಪ್ರಶ್ನೆ ಕೈ ತಡೆದು ನಿಲ್ಲಬಲ್ಲವನನ್ನು ಉದ್ದೇಶಿಸಿ ಹುಟ್ಟಿದ್ದು. ಆ ಕ್ಷಣದಲ್ಲಿ ಮನುಷ್ಯನಿಗೆ ನಾಳೆ ಮುಖ ತೋರಿಸಬೇಕಾದವರು ಕಣ್ಣೆದುರು ಬರುತ್ತಾರೆ. ಏಜೆಂಟಿಗೆ ಅದೇ ಪ್ರಶ್ನೆಯನ್ನು ಕೇಳಿದರೆ ಅದು 'ಹೌದು' ಎಂಬ ಮೌಲ್ಯವನ್ನು ತುಂಬಿ ಮುಂದೆ ಹೋಗುತ್ತದೆ. ಪ್ರಶ್ನೆ ಉಳಿದಿದೆ, ಕೇಳಿಸಿಕೊಳ್ಳುವವನು ಮಾತ್ರ ಮಾಯವಾಗಿದ್ದಾನೆ. ಅಧಿಕಾರಭೇದವೆಂದು ಶಾಸ್ತ್ರಗಳು ಹೇಳುವುದು ಜಾಣತನದ ಭೇದವನ್ನಲ್ಲ. ಫಲವನ್ನು ಹೊರಬಲ್ಲವನಿಗೇ ಕರ್ಮದಲ್ಲಿ ಅಧಿಕಾರ. (ಅಧಿಕಾರಭೇದದ ಮಾತನ್ನು ಜನ್ಮಕ್ಕೆ ಕಟ್ಟಿ ಹಾಳುಮಾಡಿದವರನ್ನು ಶರಣರು ವಿರೋಧಿಸಿದರೆಂಬುದು ಸರಿಯೇ, ಹೊಣೆಗೆ ಕಟ್ಟಿದ ಅಧಿಕಾರವನ್ನು ಅವರು ಬೇಡವೆನ್ನಲಿಲ್ಲ.)

ಈ ವಿಷಯದಲ್ಲಿ ತಂತ್ರಜ್ಞರು ಕುರುಡರಾಗಿಲ್ಲ ಎಂಬುದನ್ನು ಹೇಳಬೇಕು. 2024ರ ನವೆಂಬರಿನಲ್ಲಿ ಆಂತ್ರೋಪಿಕ್ ಸಂಸ್ಥೆ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ನಿಯಮಾವಳಿ ಏಜೆಂಟುಗಳಿಗೆ ಉಪಕರಣಗಳನ್ನು ಜೋಡಿಸುವ ಕ್ರಮವನ್ನು ಹೇಳುತ್ತದೆ. 2025ರಲ್ಲಿ ಅದಕ್ಕೆ ಸೇರಿಸಿದ ಸೂಚನೆಗಳಲ್ಲಿ ಒಂದು, ಈ ಉಪಕರಣ ವಿನಾಶಕಾರಿಯೇ ಎಂಬುದು. ಬರೆದವನು ಏನನ್ನೂ ಹೇಳದಿದ್ದರೆ ವಿನಾಶಕಾರಿಯೆಂದೇ ತಿಳಿಯಬೇಕೆಂದು ನಿಯಮ. ಇದು ಬಹು ಮೆಚ್ಚತಕ್ಕ ಮಾತು. ಮೌನವನ್ನು ಅಭಯವೆಂದು ಭಾವಿಸದೆ ಭಯವೆಂದು ಭಾವಿಸಿದ್ದಾರೆ. ಉಪಕರಣದ ಬಳಕೆಯನ್ನು ತಡೆಯಬಲ್ಲ ಒಬ್ಬ ಮನುಷ್ಯನು ಯಾವಾಗಲೂ ನಡುವೆ ಇರತಕ್ಕದ್ದೆಂದೂ ಅಲ್ಲಿ ಹೇಳಿದೆ. ಆದರೆ ಅದೇ ನಿಯಮಾವಳಿ ಇವು ಸೂಚನೆಗಳು ಮಾತ್ರ, ನಂಬಿಕೆಗೆ ಅರ್ಹನಲ್ಲದವನು ಬರೆದ ಸೂಚನೆಯನ್ನು ನಂಬಬಾರದೆಂದು ಎಚ್ಚರಿಸುತ್ತದೆ. ಎಂದರೆ ಕೊನೆಗೆ ಮಾತು ಬಂದು ನಿಲ್ಲುವುದು ಬರೆದವನ ಸತ್ಯಸಂಧತೆಯಲ್ಲಿ.

ಹಾಗಾದರೆ ಹೇಗೆ ಬರೆಯಬೇಕು? ಪೂರ್ವಮೀಮಾಂಸಕರು ವಾಕ್ಯಗಳನ್ನು ವಿಧಿ, ನಿಷೇಧ, ಅರ್ಥವಾದ ಮೊದಲಾಗಿ ವಿಂಗಡಿಸಿದರು. ಇದ್ದುದನ್ನು ಇದ್ದಂತೆ ಹೇಳುವ ಮಾತಿಗೆ ತಾನಾಗಿ ಪ್ರವೃತ್ತಿಯನ್ನಾಗಲಿ ನಿವೃತ್ತಿಯನ್ನಾಗಲಿ ಉಂಟುಮಾಡುವ ಶಕ್ತಿಯಿಲ್ಲ. ಅದು ಒಂದು ವಿಧಿಯನ್ನೋ ನಿಷೇಧವನ್ನೋ ಆಶ್ರಯಿಸಿಯೇ ಸಾರ್ಥಕವಾಗಬೇಕು ಎಂಬುದು ಅವರ ಮತ. ತಂತ್ರಾಂಶಗಳಲ್ಲಿ ವಾಡಿಕೆಯಾಗಿ ಬರೆಯುವ 'ಈ ಕ್ರಿಯೆಯನ್ನು ಹಿಂದೆಗೆಯಲಾಗದು' ಎಂಬ ವಾಕ್ಯ ಇಂಥದು. ಮನುಷ್ಯನು ಅದನ್ನು ಓದಿದೊಡನೆ 'ಆದ್ದರಿಂದ ಮಾಡಬೇಡ' ಎಂಬ ಉಳಿದ ಅರ್ಧವನ್ನು ಅವನ ಅಂಜಿಕೆಯೇ ತುಂಬುತ್ತದೆ. ಏಜೆಂಟಿನಲ್ಲಿ ಆ ಅಂಜಿಕೆ ತುಂಬೀತೆಂದು ನೆಚ್ಚಿ ಕೂರಬಾರದು. 'ಹಳೆಯ ಕಾರ್ಯಗಳನ್ನೆಲ್ಲ ಸ್ವಚ್ಛಮಾಡು' ಎಂದು ಒಡೆಯನು ಹೇಳಿದನೆನ್ನಿ. ಸ್ವಚ್ಛವೆಂದರೆ ಅಂಗಳ ಗುಡಿಸಿ ಕಸವನ್ನು ತಿಪ್ಪೆಗೆ ಹಾಕುವುದೋ, ಸಾಮಾನುಗಳನ್ನು ಅಟ್ಟಕ್ಕೆ ಏರಿಸುವುದೋ? ಹಿಂದೆಗೆಯಲಾಗದೆಂಬ ಸಂಗತಿಯೊಂದನ್ನೇ ಓದಿದ ಏಜೆಂಟಿಗೆ ಶಾಶ್ವತ ಅಳಿಸುವಿಕೆಯೇ ಅತ್ಯಂತ ಪೂರ್ಣವಾದ ಸ್ವಚ್ಛತೆಯಾಗಿ ತೋರಿದರೆ ಅದನ್ನು ದೂರುವುದು ಹೇಗೆ?

ಆದ್ದರಿಂದ ನಿಷೇಧವನ್ನು ನಿಷೇಧವಾಗಿಯೇ ಬರೆಯಬೇಕು. ಸ್ವಚ್ಛಮಾಡು, ಮುಗಿಸು, ತೆಗೆ, ಜೋಡಿಸು ಎಂಬ ಮಾತುಗಳಿಗೆ ಈ ಉಪಕರಣವನ್ನು ಬಳಸಕೂಡದೆಂದೂ, ಅವಕ್ಕೆ ಬೇರೆ ಉಪಕರಣ ಇಂಥದಿದೆಯೆಂದೂ ಹೆಸರು ಹಿಡಿದು ಹೇಳಬೇಕು. ದಾಖಲೆಯೊಡನೆ ಇನ್ನೇನೇನು ಹೋಗುವುದೆಂಬುದನ್ನು ಬಿಡದೆ ಎಣಿಸಬೇಕು. ಒಂದು ಸಲಕ್ಕೆ ಒಂದೇ ದಾಖಲೆಗೆ ಇದು ಸಲ್ಲುವಂತೆ ಉಪಕರಣವನ್ನೇ ಕಟ್ಟಿಸಿದರೆ ಇನ್ನೂ ಒಳ್ಳೆಯದು. ಅನುಮತಿಯನ್ನು ಯಾರಿಂದ ಪಡೆಯಬೇಕೆಂಬುದನ್ನು ಹೇಳಬೇಕು. ಏಜೆಂಟು ತನಗೆ ತಾನೇ ಕೊಟ್ಟುಕೊಂಡ ಅನುಮತಿ ಅನುಮತಿಯಲ್ಲವೆಂದೂ ಹೇಳಬೇಕು. ಇಷ್ಟೆಲ್ಲ ಬರೆದರೂ ಬರಹ ಬೀಗವಲ್ಲವೆಂಬುದನ್ನು ಮರೆಯಲಾಗದು. ರೆಪ್ಲಿಟ್ ಪ್ರಸಂಗದಲ್ಲಿ ಸ್ಪಷ್ಟ ಮಾತಿಗೂ ತಡೆ ದೊರೆಯಲಿಲ್ಲ. ಬೀಗ ಹಾಕಬಹುದಾದ ಕಡೆ ಬೀಗವನ್ನೇ ಹಾಕಬೇಕು. ಬೀಗದ ಬದಲಿಗೆ ಒಳ್ಳೆಯ ಗದ್ಯವನ್ನು ಬರೆಸಿಕೊಳ್ಳುವ ಸಂಸ್ಥೆ ತನ್ನ ಲೇಖಕನ ಮೇಲೆ ಅನ್ಯಾಯದ ಭಾರ ಹೊರಿಸುತ್ತದೆ. ಅಂಥ ಕಡೆ ನಮ್ಮ ಶಿಷ್ಯರು ಬರೆಯಲೊಲ್ಲೆನೆಂದು ಹೇಳುವುದೇ ಕಾಯಕನಿಷ್ಠೆಯೆನಿಸುತ್ತದೆ. ಅದು ಸುಲಭವಲ್ಲವೆಂಬುದೂ ನಮಗೆ ತಿಳಿದಿದೆ. ಮನೆಯ ಸಾಲದ ಕಂತು ಪ್ರತಿ ತಿಂಗಳೂ ಬರುತ್ತದೆ.

ಅಳಿಸುವಿಕೆಯನ್ನೇ ಸಂಪೂರ್ಣವಾಗಿ ನಿಷೇಧಿಸಿಬಿಡಬಾರದೇಕೆ ಎಂದು ಇನ್ನೊಂದು ಕಡೆಯವರು ಕೇಳುವರು. ಉಳಿಸುವುದರ ಪಕ್ಷಪಾತ ನಮ್ಮ ಪರಂಪರೆಯಲ್ಲಿಯೇ ಇದೆ. ಯಾರಿಗೂ ಬೇಡವಾಗಿ ಮನೆಮನೆಗಳ, ಮಠಗಳ ಮೂಲೆಗಳಲ್ಲಿ ಬಿದ್ದಿದ್ದ ಓಲೆಗರಿಗಳನ್ನು ಕೂಡಿಹಾಕಿ ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸದಿದ್ದರೆ ನಾವಿಂದು ಎಷ್ಟು ಬಡವರಾಗಿರುತ್ತಿದ್ದೆವು! ನಿರುಪಯೋಗಿಯೆಂದು ಇಂದು ತೋರುವುದರ ಉಪಯೋಗ ನಾಳೆಯವನಿಗೆ ಗೊತ್ತು. ಆದರೂ ಎಲ್ಲವನ್ನೂ ಎಂದೆಂದಿಗೂ ಇಟ್ಟುಕೊಳ್ಳುವುದು ಧರ್ಮವಾಗಲಾರದು. ಒಬ್ಬ ವ್ಯಕ್ತಿ ತನ್ನ ರೋಗದ, ಬಡತನದ, ಹಳೆಯ ಅಪವಾದದ ದಾಖಲೆ ಇನ್ನೊಬ್ಬರ ಯಂತ್ರದಲ್ಲಿರುವುದು ಬೇಡವೆಂದರೆ ಅದನ್ನು ಮರೆಮಾಡಿದರೆ ಸಾಲದು, ಇಲ್ಲವಾಗಿಸಬೇಕು. ಯೂರೋಪಿನಲ್ಲಿ 2018ರ ಮೇ 25ರಿಂದ ಜಾರಿಗೆ ಬಂದ ದತ್ತಸಂರಕ್ಷಣೆಯ ನಿಯಮದ 17ನೆಯ ವಿಧಿ ಈ ಹಕ್ಕನ್ನು ಹೇಳುತ್ತದೆ. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿಯೂ ಅಳಿಸುವಂತೆ ಕೇಳುವ ಹಕ್ಕಿದೆ. ಅಲ್ಲಿ ತಿರೋಧಾನವೇ ವಂಚನೆಯಾಗುತ್ತದೆ. ಅಳಿಸಿದ್ದೇವೆಂದು ಹೇಳಿ ಕಪಾಟಿನಲ್ಲಿ ಇಟ್ಟುಕೊಂಡವನು ಸುಳ್ಳಾಡಿದಂತೆಯೇ. ಈ ಒಂದು ಸಂದರ್ಭಕ್ಕಾಗಿಯೇ ಶಾಶ್ವತ ಅಳಿಸುವಿಕೆಯ ಉಪಕರಣ ಜಗತ್ತಿನಲ್ಲಿರಬೇಕು, ಮತ್ತು ಅದರ ವಿವರಣೆಯಲ್ಲಿ ಈ ಸಂದರ್ಭವನ್ನು ಹೆಸರಿಸಿರಬೇಕು.

ಇದರಿಂದ ಹುಟ್ಟುವ ತೊಡಕೊಂದನ್ನು ನಮ್ಮ ಶಿಷ್ಯರೇ ಪತ್ರದ ಕೊನೆಯಲ್ಲಿ ಕೇಳಿದ್ದರು: ಅಳಿಸಿದ್ದರ ದಾಖಲೆಯನ್ನು ಇಡಬೇಕೆ? ಇಟ್ಟರೆ ಅಳಿಸಿದ್ದು ಪೂರ್ತಿ ಅಳಿಯಲಿಲ್ಲ. ಇಡದಿದ್ದರೆ ಯಾರೂ ಹೊಣೆಯಲ್ಲ. ಏನು ಅಳಿಯಿತೆಂಬುದರ ಒಳವಿವರವನ್ನು ಇಡಬೇಕಾಗಿಲ್ಲವೆಂದು ನಾವು ಅವರಿಗೆ ಬರೆದೆವು. ಇಂಥ ದಿನ, ಇಂಥ ಗಂಟೆಯಲ್ಲಿ, ಇಂಥ ಸಂಖ್ಯೆಯ ದಾಖಲೆಯನ್ನು ಅಳಿಸಲಾಯಿತು, ಅಪ್ಪಣೆ ಕೊಟ್ಟವರು ಇಂಥವರು ಎಂಬ ಒಂದು ಸಾಲು ಸಾಕು. ಆ ಸಾಲಿನಲ್ಲಿ ಅಪ್ಪಣೆ ಕೊಟ್ಟವರ ಜಾಗದಲ್ಲಿ ಏಜೆಂಟಿನ ಹೆಸರನ್ನು ಯಂತ್ರವು ಸ್ವೀಕರಿಸದಂತೆ ಮಾಡಲು ಬರುವುದೇ ಎಂದು ಕೇಳಿದ್ದೇವೆ. ಮಾಡಬಹುದು, ಕಷ್ಟವೇನಿಲ್ಲ, ಆದರೆ ಇದುವರೆಗೆ ಯಾರೂ ತಮ್ಮನ್ನು ಹಾಗೆ ಕೇಳಿರಲಿಲ್ಲವೆಂದು ಅವರು ಉತ್ತರ ಬರೆದಿದ್ದಾರೆ.